ಕಲ್ಲಿನ ಮೀನಿಗೆ ನೀರು

ದಮ್ಮಕ್ಕ ಮತ್ತೆ ಕೂತಳು.

ಶೆಡ್ಡಿನ ಮೂಲೆಯಲ್ಲಿ, ಉಜ್ಜಬೇಕಾದ ಕಲ್ಲಿನ ಹಲಗೆಗೆ ಬೆನ್ನು ಕೊಟ್ಟು, ಬಾಯಿ ತೆರೆದುಕೊಂಡು ಕೂತಳು. ಗ್ರೈಂಡರ್ ತೊಡೆಯ ಮೇಲಿತ್ತು. ಮೈಯೆಲ್ಲ ಬಿಳಿ ಪುಡಿ. ರೆಪ್ಪೆ ಬಿಳಿ, ಹುಬ್ಬು ಬಿಳಿ, ಮೂಗಿಗೆ ಕಟ್ಟಿದ ಬಟ್ಟೆ ಬಿಳಿ. ಬಟ್ಟೆ ಕೆಳಗೆಳೆದಾಗ ಕಂಡ ತುಟಿ ಮಾತ್ರ ನೀಲಿ.

ಮೇಸ್ತ್ರಿ ಬಂದು ಏನು ಮಾಡ್ತಿದ್ದೀಯ ಎಂದು ಕೇಳಿದ.

"ಉಸಿರಾಡ್ತಿದ್ದೀನಿ."

"ಅದನ್ನೆಲ್ಲ ಮನೇಲೇ ಮುಗಿಸ್ಕೊಂಡು ಬರ್ಬೇಕು. ಇಲ್ಲಿ ಸಂಬಳ ಕೊಡೋದು ಕೆಲಸಕ್ಕೆ."

ಶೆಡ್ಡಿನಲ್ಲಿ ನಗೆ ಎದ್ದಿತು. ಅದರ ಬೆನ್ನಿಗೇ ಕೆಮ್ಮು ಎದ್ದಿತು. ಅಲ್ಲಿ ಯಾವ ನಗೆಯೂ ಕೆಮ್ಮಿಲ್ಲದೆ ಮುಗಿದ ಉದಾಹರಣೆಯಿಲ್ಲ.

ದಮ್ಮಕ್ಕ ಎಂಬುದು ತಾಯಿ ಇಟ್ಟ ಹೆಸರಲ್ಲ. ಹೊಸದಾಗಿ ಸೇರಿದ್ದಾಗ ಗಂಡಸರಿಬ್ಬರು ಹಿಡಿಯುವ ಹಲಗೆಯನ್ನು ಒಬ್ಬಳೇ ಮಗುಚಿ ಹಾಕಿದ್ದಳು. ಆ ದಮ್ಮಿಗೆ ಸಿಕ್ಕ ಹೆಸರು ಅದು. ಈಗ ಹತ್ತು ಹೆಜ್ಜೆಗೊಮ್ಮೆ ದಮ್ಮು ಕಟ್ಟಿ ನಿಲ್ಲುತ್ತಾಳೆ. ಹೊಗಳಿಕೆಗೆ ಇಟ್ಟದ್ದು ಚೇಷ್ಟೆಗೂ ಸರಿಹೋಯಿತು. ಹೆಸರು ಬದಲಿಸುವ ಶ್ರಮ ಉಳಿಯಿತು.

ಅಡುಗೆಮನೆಯ ಕಟ್ಟೆಗೆ ಹಾಸುವ ಕಲ್ಲನ್ನು ಕೊಯ್ದು, ಅಂಚು ಉಜ್ಜಿ, ಮುಖ ಕಾಣುವಷ್ಟು ನುಣುಪು ಮಾಡುವುದು ಅಲ್ಲಿನ ಕೆಲಸ. ಗ್ರೈಂಡರುಗಳು ಕರೆಂಟಿನವಲ್ಲ. ಕಂಪ್ರೆಸರಿನಿಂದ ರಬ್ಬರ್ ಪೈಪಿನಲ್ಲಿ ಬರುವ ಗಾಳಿಗೆ ತಿರುಗುವಂಥವು. ನೀರು ಸುರಿಯುತ್ತಿರುವಾಗಲೇ ಉಜ್ಜಬೇಕೆಂದು, ಕರೆಂಟು ಹೊಡೆಯಬಾರದೆಂದು ಅಂಥವನ್ನು ತಂದಿದ್ದರು. ಮೊದಲು ಪ್ರತಿ ಗ್ರೈಂಡರಿಗೂ ಒಂದು ಸಣ್ಣ ನೀರಿನ ಕೊಳವೆ ಇತ್ತು. ಪುಡಿ ಹಾರದೆ ಕೆಸರಾಗಿ ಕಾಲಡಿ ಹರಿಯುತ್ತಿತ್ತು. ಕಾಲು ಕೊಳೆಯುತ್ತಿತ್ತು, ಎದೆ ಉಳಿದಿತ್ತು.

ಆಮೇಲೆ ಯಜಮಾನ ಮುಂದುಗಡೆ ಶೋರೂಮು ಕಟ್ಟಿಸಿದ. ಶೋರೂಮಿನ ಎದುರು ಕಾರಂಜಿ ಬೇಕು ಎಂದ. ಇದ್ದದ್ದು ಒಂದೇ ಕೊಳವೆಬಾವಿ, ಅದರಲ್ಲೂ ನೀರು ಅಷ್ಟಕ್ಕಷ್ಟೆ. ಶೆಡ್ಡಿನ ಪೈಪನ್ನು ಕಿತ್ತು ಕಾರಂಜಿಗೆ ಜೋಡಿಸಿದರು. ನಾಲ್ಕು ದಿನದ ಮಟ್ಟಿಗೆ ಅಂದಿದ್ದರು. ಶೋರೂಮಿನ ಬಣ್ಣ ಈಗ ಎರಡು ಸಲ ಬದಲಾಗಿದೆ.

ಕಾರಂಜಿಯ ನಡುವೆ ಒಂದು ಕಲ್ಲಿನ ಮೀನು. ಕಲ್ಲು ಕೊಯ್ಯುವ ಕಟಿಂಗ್ ಅಣ್ಣನೇ ಅದನ್ನು ಕೆತ್ತಿದ್ದ. ಊದಿದ ಕೆನ್ನೆ, ಜೋತ ತುಟಿ, ಎಲ್ಲರ ಮೇಲೂ ಅನುಮಾನವಿರುವ ಕಣ್ಣು. ಸಾಕ್ಷಾತ್ ಮೇಸ್ತ್ರಿ. ಬೇಕೆಂದೇ ಹಾಗೆ ಮಾಡಿದೆಯಾ ಎಂದು ಕೇಳಿದರೆ, ಮೀನುಗಳನ್ನು ನಾನು ಹೆಚ್ಚು ನೋಡಿಲ್ಲ, ಮೇಸ್ತ್ರಿಯನ್ನು ದಿನಾ ನೋಡ್ತೀನಿ, ಕೈ ತಾನೇ ಆ ಕಡೆ ಹೋಯಿತು ಅನ್ನುತ್ತಿದ್ದ. ಶೆಡ್ಡಿಗೆಲ್ಲ ಗೊತ್ತಿದ್ದ ಈ ಹೋಲಿಕೆ ಮೇಸ್ತ್ರಿಗೆ ಮಾತ್ರ ಗೊತ್ತಿರಲಿಲ್ಲ. ಬೆಳಗಿಂದ ಸಂಜೆವರೆಗೆ ಮೀನು ಬಾಯಿಂದ ನೀರು ಉಗುಳುತ್ತಿತ್ತು. ಕೊಳದ ನೀರನ್ನೇ ಪಂಪು ಮೇಲೆತ್ತಿ ಮತ್ತೆ ಅದರ ಬಾಯಿಗೆ ಕೊಡುತ್ತಿತ್ತು. ಬಿಸಿಲಿಗೆ ಆರಿದಷ್ಟನ್ನೂ ಸೋರಿದಷ್ಟನ್ನೂ ಕೊಳವೆಬಾವಿ ತುಂಬಬೇಕಿತ್ತು. ಸೋರುವುದೇ ಹೆಚ್ಚು.

ಆ ಮೀನನ್ನು ಹತ್ತಿರದಿಂದ ನೋಡುವ ಹಕ್ಕು ಶೆಡ್ಡಿನವರಿಗೆ ಇರಲಿಲ್ಲ. ಧೂಳುಗಾಲಿನವರು ಮುಂದಿನ ಬಾಗಿಲಿಗೆ ಬರಕೂಡದು. ಹಿಂದಿನ ಗಲ್ಲಿಯಲ್ಲಿ ಬಂದು ಹಿಂದಿನ ಗಲ್ಲಿಯಲ್ಲೇ ಹೋಗಬೇಕು. ಯಜಮಾನನಿಗೆ ಅವರ ಮುಖ ಗೊತ್ತಿರಲಿಲ್ಲ. ಎಲ್ಲರೂ ಬೆಳ್ಳಗಿದ್ದರೆ ಯಾರು ಯಾರೆಂದು ತಿಳಿಯುವುದು ಹೇಗೆ? ಅವನು ಎಲ್ಲರನ್ನೂ "ಏ ಬಿಳಿ" ಎಂದೇ ಕರೆಯುತ್ತಿದ್ದ.

ಧೂಳಿಗೆ ಮದ್ದು ಕೊಡುತ್ತಿಲ್ಲವೆಂದು ಯಾರೂ ಅನ್ನುವಂತಿರಲಿಲ್ಲ. ದಿನಕ್ಕೊಂದು ಬಾಳೆಹಣ್ಣು ಕೊಡುತ್ತಿದ್ದರು. ತಿಂದರೆ ಒಳಗಿನ ಪುಡಿಯೆಲ್ಲ ಜಾರಿಹೋಗುತ್ತದೆ ಎಂದು ಯಜಮಾನನ ನಂಬಿಕೆ. ಜನ ಅದನ್ನೂ ನಂಬಿ, ಸಿಪ್ಪೆಯ ಒಳಮೈ ಕೂಡ ಕೆರೆದು ತಿನ್ನುತ್ತಿದ್ದರು.

ಮನೆಯಲ್ಲಿದ್ದದ್ದು ದಮ್ಮಕ್ಕ ಮತ್ತು ಅವಳ ಅತ್ತೆ. ಗಂಡ ತೀರಿಹೋದ ಮೇಲೆ ಅತ್ತೆ ಸೊಸೆ ಬೈದಾಡಿಕೊಳ್ಳುತ್ತಲೇ ಒಬ್ಬರನ್ನೊಬ್ಬರು ಸಾಕಿಕೊಂಡಿದ್ದರು. ಸಂಜೆ ಸೊಸೆ ಬಂದ ಕೂಡಲೇ ಅತ್ತೆ ಅವಳನ್ನು ಬಾಗಿಲಾಚೆ ನಿಲ್ಲಿಸಿ ಬಟ್ಟೆ ಕೊಡವುತ್ತಿದ್ದಳು. ನನಗಿರೋಳು ಒಬ್ಬಳೇ ಸೊಸೆ, ಕೊಡವಿದ್ದನ್ನ ಗುಡಿಸಿ ಗುಡ್ಡೆ ಹಾಕಿದ್ರೆ ಇನ್ನೊಬ್ಬಳು ಆಗ್ತಾಳೆ ಎಂದು ಪಕ್ಕದ ಮನೆಯವರಿಗೆ ಹೇಳುತ್ತಿದ್ದಳು. ಈಚೆಗೆ ಸೊಸೆಯ ಪಾದ ಊದಿ, ಚಪ್ಪಲಿ ಹಿಡಿಸದಾಗಿತ್ತು. ಸತ್ತ ಮಾವನ ಚಪ್ಪಲಿ ಹಾಕಿಕೊಂಡು ಪರಪರ ಎಳೆದುಕೊಂಡು ಕೆಲಸಕ್ಕೆ ಹೋಗುತ್ತಿದ್ದಳು. ಒಂದು ಬೆಳಿಗ್ಗೆ ಮನೆಯ ಮೆಟ್ಟಿಲಲ್ಲೇ ಕಣ್ಣು ಕತ್ತಲೆ ಬಂದು ಬಿದ್ದಳು. ಅತ್ತೆ ಬೈಯುತ್ತ, ಅಳುತ್ತ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದಳು.

ಎದೆಯ ಫೋಟೋ ತೆಗೆದರು. ಎದೆಗೆ ತಣ್ಣನೆಯ ಅಂಟು ಸವರಿ ಹೃದಯದ ಸ್ಕ್ಯಾನ್ ಮಾಡಿದರು. ಶ್ವಾಸಕೋಶಕ್ಕೆ ರಕ್ತ ಒಯ್ಯುವ ನಾಳಗಳಲ್ಲಿ ಒತ್ತಡ ಹೆಚ್ಚಿರುವ ಹಾಗಿದೆ ಎಂದರು ಡಾಕ್ಟರಮ್ಮ. ಇದಕ್ಕೆ ಕಾರಣ ಒಂದೆರಡಲ್ಲ, ಒಂದೊಂದಾಗಿ ಕೇಳಬೇಕು ಎಂದು ಕುರ್ಚಿ ಹತ್ತಿರ ಎಳೆದುಕೊಂಡರು. ಉತ್ತರ ಹೇಳಬೇಕಾದವಳಿಗೆ ಉಸಿರಿರಲಿಲ್ಲ. ಅತ್ತೆಗೆ ಬೇಕಾದಷ್ಟಿತ್ತು.

ರಾತ್ರಿ ಗೊರಕೆ ಹೊಡೆಯುತ್ತಾರಾ, ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುತ್ತದಾ ಎಂದು ಕೇಳಿದರು.

"ಗೊರಕೆ ನಂದು ಡಾಕ್ಟರಮ್ಮ. ಇವಳದು ಬರೀ ಎಚ್ಚರ."

ತೂಕ ಇಳಿಸುವ ಮಾತ್ರೆ ಏನಾದರೂ ತಗೊಂಡಿದ್ದರಾ? ಕೆಲವು ಮಾತ್ರೆಗಳಿಂದಲೂ ಹೀಗಾಗುತ್ತದೆ.

ಅತ್ತೆ ಸೊಸೆಯ ತೋಳನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿದಳು. "ಇದನ್ನ ಇನ್ನೂ ಇಳಿಸಿದ್ರೆ ಗಾಳಿಗೆ ಹಾರಿಹೋಗ್ತಾಳೆ. ಏರಿಸೋದಿದ್ರೆ ಬರ್ಕೊಡಿ."

ಎತ್ತರದ ಬೆಟ್ಟದ ಮೇಲೆ ವರ್ಷಗಟ್ಟಲೆ ಇದ್ದರಾ? ಅಟ್ಟ ಹತ್ತಿದವಳೂ ಅಲ್ಲ. ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಎದೆಗೆ ಹೋಗಿದ್ದುಂಟಾ? ಕಾಲಲ್ಲಿ ಕಟ್ಟಿದ್ದು ಕೆಸರು ಮಾತ್ರ, ಅದೂ ಹಿಂದೆ. ಹುಟ್ಟಿನಿಂದ ಹೃದಯದಲ್ಲಿ ತೂತು? ಅದನ್ನು ಸ್ಕ್ಯಾನಿನಲ್ಲಿ ನೋಡಿದ್ದಾಗಿತ್ತು, ತೂತಿರಲಿಲ್ಲ. ಹೃದಯದ ಎಡಭಾಗದ ಕಾಯಿಲೆಯಿಂದಲೂ ಬರುತ್ತದೆ, ಅದೂ ಸರಿಯಿತ್ತು. ಬೀಡಿ ಸಿಗರೇಟು ಸೇದುತ್ತಾರಾ ಎಂದಾಗ ಅತ್ತೆ, ಸೇದೋಕೂ ದಮ್ಮು ಬೇಕಲ್ಲವಾ ಎಂದಳು.

ಕೊನೆಗೆ ಡಾಕ್ಟರಮ್ಮ ಕೆಲಸ ಏನು ಎಂದು ಕೇಳಿದರು.

ಅದಕ್ಕೆ ದಮ್ಮಕ್ಕನೇ ಉತ್ತರ ಕೊಟ್ಟಳು. "ಕಲ್ಲು ಉಜ್ಜೋದು."

"ನೀರು ಹಾಕಿ ಉಜ್ಜೋದಾ, ಒಣದಾ?"

"ನೀರಿಲ್ಲ. ಮೀನಿಗೆ ಹೋಗುತ್ತೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಎದೆಯ ಫೋಟೋವನ್ನು ಬೆಳಕಿಗೆ ಹಿಡಿದು, ಅಲ್ಲಲ್ಲಿ ಚುಕ್ಕೆ ಚುಕ್ಕೆಯಾಗಿ ಬೆಳ್ಳಗಿದ್ದುದನ್ನು ತೋರಿಸಿದರು. ಕಲ್ಲಿನ ನುಣ್ಣನೆ ಪುಡಿ ಒಳಗೆ ಹೋಗಿ ಶ್ವಾಸಕೋಶದಲ್ಲಿ ಗಾಯದ ಕಲೆ ಕಟ್ಟಿದೆ. ಕಲೆ ಕಟ್ಟಿದ ಕಡೆ ರಕ್ತನಾಳ ಬಿಗಿದು ಕಿರಿದಾಗುತ್ತದೆ. ಹೃದಯದ ಬಲಭಾಗ ರಕ್ತವನ್ನು ಅದರೊಳಗೆ ನೂಕಬೇಕು. ನೂಕಿ ನೂಕಿ ಅದು ದಣಿದು ದೊಡ್ಡದಾಗಿದೆ, ಕಾಲಿನಲ್ಲಿ ನೀರು ನಿಂತಿರುವುದು ಅದಕ್ಕೇ ಎಂದರು. ಬಾಳೆಹಣ್ಣಿನ ಮಾತು ಬಂದಾಗ, ಅದು ಹೊಟ್ಟೆಗೆ ಹೋಗುವ ದಾರಿ, ಪುಡಿ ಹೋದದ್ದು ಬೇರೆ ದಾರಿ ಎಂದರು.

ದಮ್ಮಕ್ಕನಿಗೆ ಕಂಪ್ರೆಸರು ನೆನಪಾಯಿತು. ಯಾರಾದರೂ ರಬ್ಬರ್ ಪೈಪನ್ನು ತುಳಿದು ನಿಂತರೆ ಗ್ರೈಂಡರಿಗೆ ಗಾಳಿ ಬರುವುದಿಲ್ಲ. ಆ ಕಡೆ ಕಂಪ್ರೆಸರು ಗೊರಗೊರ ಅನ್ನುತ್ತದೆ, ಮೀಟರಿನ ಮುಳ್ಳು ಏರುತ್ತದೆ. ಆದರೆ ಅಲ್ಲಿ ತುಳಿದವನನ್ನು ಏ, ಕಾಲು ತೆಗಿ ಅನ್ನಬಹುದು.

ಕಲೆ ಹೋಗುವುದಿಲ್ಲ ಎಂದು ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದರು. ಕಾಲಿನ ಊತಕ್ಕೆ ಮಾತ್ರೆ ಕೊಟ್ಟರು. ಆ ಧೂಳಿಗೆ ಇನ್ನು ಹೋಗಕೂಡದು ಎಂದರು. ಹೋಗದಿದ್ದರೆ ಮನೆಯಲ್ಲಿ ಒಲೆ ಹತ್ತುವುದಿಲ್ಲ ಎಂದಳು ಅತ್ತೆ. ಎದೆಗೆ ಬೇಕಾದದ್ದು ಒಂದು, ಹೊಟ್ಟೆಗೆ ಬೇಕಾದದ್ದು ಒಂದು. ಎರಡಕ್ಕೂ ಇದ್ದ ಒಂದೇ ದಾರಿ ನೀರಿನದಾಗಿತ್ತು. ಅದನ್ನು ಮೀನು ಕುಡಿಯುತ್ತಿತ್ತು.

ಮರುದಿನ ದಮ್ಮಕ್ಕ ಹೋಗಿ ಮೇಸ್ತ್ರಿಗೆ ವಿಷಯ ಹೇಳಿದಳು. ನನ್ನ ಶ್ವಾಸಕೋಶಕ್ಕೆ ಬಿಪಿ ಬಂದಿದೆ, ಧೂಳಿನಿಂದ ಬಂದಿದೆ, ನೀರಿನ ಪೈಪು ವಾಪಸು ಕೊಡಿ.

ಬಿಪಿ ಇರುವುದು ತೋಳಿನಲ್ಲಿ ಎಂದು ಮೇಸ್ತ್ರಿ ಖಚಿತವಾಗಿ ಹೇಳಿದ. ಅದನ್ನು ನೋಡಲೆಂದೇ ಆಫೀಸಿನಲ್ಲಿ ಯಂತ್ರವಿದೆ. ತಂದ. ಅವಳ ತೋಳಿಗೆ ಪಟ್ಟಿ ಸುತ್ತಿದ. ಯಂತ್ರ ಬುಸುಗುಟ್ಟಿ ನಾರ್ಮಲ್ ತೋರಿಸಿತು. ತೋಳಿನದು ಬೇರೆ, ಎದೆಯದು ಬೇರೆ, ಅದನ್ನು ಹೊರಗಿನಿಂದ ಪಟ್ಟಿ ಸುತ್ತಿ ನೋಡೋಕಾಗಲ್ಲ ಎಂದು ಅವಳು ಡಾಕ್ಟರಮ್ಮ ಹೇಳಿದ್ದನ್ನು ಹೇಳಿದಳು. ಮೇಸ್ತ್ರಿ ಸ್ವಲ್ಪ ಯೋಚಿಸಿ, ಹಾಗಾದರೆ ಪಟ್ಟಿಯನ್ನು ಎದೆಗೇ ಸುತ್ತೋಣ, ಸಾಲದಿದ್ದರೆ ಹಗ್ಗ ಸೇರಿಸೋಣ ಎಂದ.

ದಮ್ಮಕ್ಕ ಗ್ರೈಂಡರ್ ಎತ್ತಿಕೊಂಡಳು. ಮೇಸ್ತ್ರಿ ಎರಡು ಹೆಜ್ಜೆ ಹಿಂದೆ ಹೋದ.

ಯಂತ್ರವೇ ಕೆಟ್ಟಿರಬಹುದು, ನೀವೇ ಒಂದ್ಸಲ ನೋಡ್ಕೊಳ್ಳಿ ಎಂದು ಕಟಿಂಗ್ ಅಣ್ಣ ಸಲಹೆ ಕೊಟ್ಟ. ಮೇಸ್ತ್ರಿ ಧೈರ್ಯವಾಗಿ ತೋಳು ಕೊಟ್ಟ. ಯಂತ್ರ ಬುಸುಗುಟ್ಟಿತು, ನಿಂತಿತು, ಮತ್ತೆ ಬುಸುಗುಟ್ಟಿತು, ಆಮೇಲೆ ಕಿರುಚತೊಡಗಿತು. ಅಂಕಿ ನೋಡಿ ಮೇಸ್ತ್ರಿ ಕಲ್ಲಿನ ಮೇಲೆ ಕೂತ. ಬೆವರು ಬಿಳಿ ಮುಖದಲ್ಲಿ ಕಾಲುವೆ ತೋಡಿತು. ಹೆಂಗಸರು ಗಾಳಿ ಬೀಸಿದರು. ಯಾರೋ ಬಾಳೆಹಣ್ಣು ಕೊಟ್ಟರು. ಯಜಮಾನ ಕಾರು ಕೊಟ್ಟು ಮನೆಗೆ ಕಳಿಸಿದ, ಮಾತ್ರೆಗೂ ದುಡ್ಡು ಕೊಟ್ಟ, ಸಂಬಳದಲ್ಲಿ ಹಿಡಿಯಲಿಲ್ಲ.

ದಮ್ಮಕ್ಕ ಆಸ್ಪತ್ರೆಗೆ ಹೋದ ದಿನದ ಸಂಬಳ ಹಿಡಿದಿದ್ದರು. ಅವಳದು ನಾರ್ಮಲ್ ಆಗಿತ್ತಲ್ಲ.

ಈ ಪ್ರಕರಣದಿಂದ ಯಜಮಾನ ಒಂದು ತೀರ್ಮಾನಕ್ಕೆ ಬಂದ. ಮೇಸ್ತ್ರಿಗೂ ಬಿಪಿ, ಅವಳಿಗೂ ಬಿಪಿಯಂತೆ. ಹಾಗಾದರೆ ಕಾರಣ ಒಂದೇ, ಚಿಂತೆ. ಚಿಂತೆಗೆ ಔಷಧಿ ನಗು. ನೀರಿಗಿಂತ ಅದು ಅಗ್ಗ. ಒಬ್ಬ ನಗೆ ಮಾಸ್ತರನನ್ನು ಗೊತ್ತುಮಾಡಿದ. ದಿನವೂ ಕೆಲಸಕ್ಕೆ ಮುಂಚೆ ಶೆಡ್ಡಿನಲ್ಲೇ ಎಲ್ಲರೂ ಸಾಲಾಗಿ ನಿಂತು ನಗಬೇಕು.

ನಗೆ ಮಾಸ್ತರ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಬಂದ. ಹೊಟ್ಟೆ ತುಂಬ ಉಸಿರು ಎಳ್ಕೊಳ್ಳಿ ಎಂದ. ಎಲ್ಲರೂ ಎಳೆದುಕೊಂಡರು. ಹಿಂದಿನ ದಿನದ ಪುಡಿ ನೆಲದಿಂದೆದ್ದು ಹೊಟ್ಟೆ ತುಂಬ ಹೋಯಿತು. ಹಹ್ಹಹ್ಹ ಅನ್ನಿ ಎಂದ. ಖೊಕ್ಕೊಕ್ಕೊ ಅಂದರು. ಹಾಗಲ್ಲ, ಹೀಗೆ ಎಂದು ತಾನೇ ತೋರಿಸಲು ಹೋಗಿ ಮಾಸ್ತರನೂ ಖೊಕ್ಕೊಕ್ಕೊ ಅಂದ. ಮರುದಿನದಿಂದ ಅವನು ಒಳಗೆ ಬರಲಿಲ್ಲ. ಅಂಗಳದಲ್ಲಿ ನಿಂತು ಮೈಕಿನಲ್ಲಿ ನಗಿಸುತ್ತಿದ್ದ.

ಕೊಳ್ಳುವವರ ದೊಡ್ಡ ತಂಡ ಬಂದದ್ದು ಆ ವಾರವೇ. ಮನೆ ಕಟ್ಟಿ ಮಾರುವವರು. ಶೋರೂಮಿಗೂ ಶೆಡ್ಡಿಗೂ ನಡುವಿನ ಗೋಡೆಯಲ್ಲಿ ಒಂದು ಬಾಗಿಲು, ಒಂದು ದಪ್ಪ ಗಾಜಿನ ಕಿಟಕಿ ಇದ್ದವು. ತಂಡ ಗಾಜಿನಾಚೆ ತಂಪಿನಲ್ಲಿ ನಿಂತಿತು. ನಮ್ಮ ಕೆಲಸಗಾರರು ನಗ್ತಾ ನಗ್ತಾ ಕೆಲಸ ಮಾಡ್ತಾರೆ ಎಂದು ಯಜಮಾನ ಹೇಳಿದ. ಮೈಕಿನಲ್ಲಿ ಹಹ್ಹಹ್ಹ ಬಂತು. ಶೆಡ್ಡು ನಕ್ಕಿತು.

ಒಂದು ಬಾಯಿ ಮಾತ್ರ ತೆರೆಯಲಿಲ್ಲ.

ಮೇಸ್ತ್ರಿ ನಗು ಎಂದ. ದಮ್ಮಕ್ಕ ತಲೆ ಆಡಿಸಿದಳು. ಮೇಸ್ತ್ರಿ ಗದರಿದ, ಆಮೇಲೆ ತನ್ನ ಬಿಪಿ ನೆನಪಾಗಿ ಮೆಲ್ಲಗೆ ಬೇಡಿಕೊಂಡ. ಒಂದ್ಸಲ ಹಲ್ಲಾದರೂ ತೋರಿಸು ತಾಯಿ ಎಂದ. ಗಾಜಿನಾಚೆಯಿಂದ ನೋಡುತ್ತಿದ್ದ ಯಜಮಾನನೇ ಬಾಗಿಲು ತೆರೆದು, ಮೂಗಿಗೆ ಕರ್ಚೀಫು ಒತ್ತಿಕೊಂಡು ಬಂದ.

"ಏ ಬಿಳಿ. ಏನು ನಿನ್ನ ಕತೆ?"

"ನಗೋಕೆ ಉಸಿರು ಬೇಕು ಯಜಮಾನ್ರೆ. ಇರೋದು ಉಜ್ಜೋಕೇ ಸಾಲ್ತಿಲ್ಲ."

"ಎಲ್ರೂ ನಗ್ತಿಲ್ವಾ?"

"ಅವರು ನಗ್ತಿಲ್ಲ, ಕೆಮ್ತಿದ್ದಾರೆ. ನೀವು ನಕ್ಕು ತೋರಿಸಿ. ಆ ಕರ್ಚೀಫು ತೆಗೆದು."

ಮೈಕು ನಿಂತಿತು. ಕಂಪ್ರೆಸರು ಮಾತ್ರ ಗೊರಗೊರ ಅನ್ನುತ್ತಿತ್ತು. ಯಜಮಾನ ಕರ್ಚೀಫು ತೆಗೆಯಲಿಲ್ಲ. ಅದರೊಳಗಿಂದಲೇ ಕೂಗಿದ.

"ಇಷ್ಟ ಇಲ್ದಿದ್ರೆ ಬಾಗಿಲು ಅಲ್ಲಿದೆ. ನಡಿ."

ಸಿಟ್ಟಿನಲ್ಲಿ ಅವನ ಬೆರಳು ತಾನು ಬಂದ ಬಾಗಿಲನ್ನೇ ತೋರಿಸಿತು. ಗಲ್ಲಿಯದಲ್ಲ, ಶೋರೂಮಿನದು.

ದಮ್ಮಕ್ಕ ಬೆರಳನ್ನು ನೋಡಿದಳು. ಬಾಗಿಲನ್ನು ನೋಡಿದಳು. "ಯಜಮಾನ್ರೇ ಹೇಳಿದ ಮೇಲೆ ಆಯ್ತು" ಎಂದಳು.

ಗ್ರೈಂಡರ್ ಹೆಗಲಿಗೆ ಹಾಕಿಕೊಂಡು ಹೊರಟಳು. ಮಾವನ ಚಪ್ಪಲಿ ಶೋರೂಮಿನ ಹೊಳೆಯುವ ನೆಲದ ಮೇಲೆ ಪರಪರ ಹೋಯಿತು. ಹೆಜ್ಜೆಗೊಂದು ಬಿಳಿ ಪಾದ ಮೂಡಿತು. ಆ ನೆಲವನ್ನು ಅವಳೇ ಉಜ್ಜಿದ್ದಳು, ಅದರ ಮೇಲೆ ಕಾಲಿಟ್ಟದ್ದು ಅವತ್ತೇ. ನಡುವೆ ಎರಡು ಸಲ ನಿಂತು ಉಸಿರು ತೆಗೆದುಕೊಂಡಳು. ಕೊಳ್ಳುವವರು ದಾರಿ ಬಿಟ್ಟರು. ರಬ್ಬರ್ ಪೈಪು ಹಾವಿನ ಹಾಗೆ ಹಿಂದೆ ಹರಿದು ಬಂತು. ಮುಂದಿನ ಬಾಗಿಲ ಹತ್ತಿರ ಬಿಗಿದು ನಿಂತಿತು. ಕಟಿಂಗ್ ಅಣ್ಣ ತನ್ನ ಪೈಪು ಬಿಚ್ಚಿ ಅದಕ್ಕೆ ಜೋಡಿಸಿದ. ಜೋಡಿಸಿದ ಮೇಲೆ ತನಗಿನ್ನು ಒಳಗೆ ಕೆಲಸವಿಲ್ಲವೆಂದು ಅರಿವಾಗಿ, ಒಂದು ಕಲ್ಲಿನ ತುಂಡು ಎತ್ತಿಕೊಂಡು ಹಿಂದೆಯೇ ಹೋದ.

ದಮ್ಮಕ್ಕ ಚಪ್ಪಲಿ ಬಿಟ್ಟು ಕಾರಂಜಿಗೆ ಇಳಿದಳು. ಊದಿದ ಪಾದಕ್ಕೆ ನೀರು ತಣ್ಣಗೆ ತಾಗಿತು. ಕಲ್ಲಿನ ತುಂಡನ್ನು ಮೀನಿನ ಬಾಯಿಯ ಕೆಳಗೆ ಇರಿಸಿಕೊಂಡು ಗ್ರೈಂಡರ್ ಒತ್ತಿದಳು. ಪುಡಿ ಹಾರಲಿಲ್ಲ. ಹಾಲಿನ ಹಾಗೆ ಇಳಿದು ನೀರಿಗೆ ಸೇರಿತು. ಎಷ್ಟೋ ವರ್ಷದ ಮೇಲೆ ಅವಳು ಮೂಗಿನ ಬಟ್ಟೆ ತೆಗೆದು ಕೆಲಸ ಮಾಡಿದಳು.

ಪೈಪಿಗೆ ಪೈಪು ಜೋಡಿಸಿಕೊಂಡು ಒಬ್ಬೊಬ್ಬರಾಗಿ ಶೆಡ್ಡೇ ಬಂತು. ಕಾರಂಜಿಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು ಕಲ್ಲು ಉಜ್ಜಿದರು. ನೀರು ಮೈ ತೊಳೆಯುತ್ತ ಬಂದಂತೆ ಬಿಳಿಯ ಕೆಳಗಿಂದ ಒಂದೊಂದೇ ಮುಖ ಹೊರಬಿತ್ತು. ಯಜಮಾನ ಅವರನ್ನು ಮೊದಲ ಸಲ ನೋಡಿದ. ಯಾರಿವರು ಎಂದು ಮೇಸ್ತ್ರಿಯನ್ನು ಕೇಳಿದ.

ಕೊಳ್ಳುವವರು ಮೊಬೈಲು ತೆಗೆದು ವಿಡಿಯೋ ಮಾಡುತ್ತಿದ್ದರು. ತುಂಬ ಹೊಸತಾಗಿದೆ ಎಂದು ಒಬ್ಬರು ಮೆಚ್ಚಿದರು. ಯಜಮಾನ, ಹೌದು, ಇದು ನಮ್ಮ ಹೊಸ ಪ್ರದರ್ಶನ ಎಂದುಬಿಟ್ಟ. ದಿನಾ ಇರುತ್ತದಾ ಎಂದರು. ದಿನಾ ಇರುತ್ತದೆ ಎಂದ. ತಂಡದಲ್ಲಿದ್ದ ಒಬ್ಬಾಕೆ ಮಾತ್ರ, ಇಷ್ಟು ಚೆನ್ನಾಗಿ ನೀರಲ್ಲಿ ಆಗೋ ಕೆಲಸಾನ ಒಳಗೆ ಯಾಕೆ ನೀರಿಲ್ಲದೆ ಮಾಡಿಸ್ತೀರಿ ಎಂದು ಕೇಳಿದರು.

ಯಜಮಾನ ಕೆಮ್ಮಿದ. ಉತ್ತರ ಕಾರಂಜಿಯಲ್ಲಿದ್ದ ದಮ್ಮಕ್ಕನಿಂದ ಬಂತು.

"ಒಳಗೆ ನೀರಿಲ್ಲಮ್ಮ. ಇರೋ ನೀರೆಲ್ಲ ಈ ಮೀನಿಗೇ ಬೇಕು. ಇದಕ್ಕೆ ದಮ್ಮು ಕಟ್ಟುತ್ತಂತೆ."

ಮರುದಿನವೂ ಅವರು ಮುಂದಿನ ಬಾಗಿಲಿಂದಲೇ ಬಂದು ಕಾರಂಜಿಗಿಳಿದರು. ಒಳಗೆ ನೀರು ಬಂದರೆ ಒಳಗೆ, ಇಲ್ಲದಿದ್ದರೆ ಇಲ್ಲೇ ಎಂದರು. ಯಜಮಾನ ಬೈದ, ಕೆಲಸ ಬಿಡಿಸುತ್ತೇನೆಂದ. ಪ್ರದರ್ಶನ ದಿನಾ ಅಂತ ನೀವೇ ಹೇಳಿದ್ದೀರಿ, ವಿಡಿಯೋದಲ್ಲಿದೆ ಎಂದ ಕಟಿಂಗ್ ಅಣ್ಣ. ಅದರ ಮರುದಿನ ಮೀನೇ ಮುಷ್ಕರ ಹೂಡಿತು. ಒಮ್ಮೆ ಕೆಮ್ಮಿದ ಹಾಗೆ ಬಿಳಿ ನೀರು ಕಕ್ಕಿ, ಗೊರಗೊರ ಅಂದು, ನಿಂತುಬಿಟ್ಟಿತು.

ಯಜಮಾನ ತಡಮಾಡಲಿಲ್ಲ. ಊರಲ್ಲೇ ಒಳ್ಳೆಯ ಪ್ಲಂಬರನ್ನು ಕರೆಸಿದ. ಪ್ಲಂಬರ್ ಮೀನಿನ ಹೊಟ್ಟೆಗೆ ಕೈ ಹಾಕಿ, ಪೈಪು ಬಿಚ್ಚಿ, ಅದರ ಬಾಯನ್ನು ಎಲ್ಲರಿಗೂ ತೋರಿಸಿದ. ಒಳಗೆ ಕಲ್ಲಿನ ಪುಡಿ ಗಟ್ಟಿಯಾಗಿ ಕಟ್ಟಿತ್ತು. ಹೆಬ್ಬೆರಳು ಹೋಗುತ್ತಿದ್ದ ದಾರಿಯಲ್ಲಿ ಈಗ ಕಡ್ಡಿ ಹೋಗುತ್ತಿತ್ತು. ದಾರಿ ಕಿರಿದಾದ್ರೆ ಒತ್ತಡ ಏರುತ್ತೆ, ಪಂಪು ನೂಕೀ ನೂಕೀ ಸುಸ್ತಾಗಿದೆ ಎಂದ.

ಪುಡಿಯಿಂದಲೇ ಹೀಗಾದದ್ದಾ, ಸರಿಯಾಗಿ ನೋಡು, ಬೇರೆ ಕಾರಣ ಇರಬಹುದು ಎಂದ ಯಜಮಾನ.

"ಇನ್ನೇನ್ ಸಾರ್. ಮೀನಿಗೆ ಚಿಂತೆ ಇರುತ್ತಾ?"

ಯಾರೂ ನಗಲಿಲ್ಲ. ದಮ್ಮಕ್ಕ ನೀರಿನಲ್ಲಿ ನಿಂತೇ ಯಜಮಾನನ ಮುಖ ನೋಡಿದಳು. ಡಾಕ್ಟರಮ್ಮ ಹೇಳಿದ್ದೂ ಅದೇ, ಪ್ಲಂಬರ್ ಹೇಳಿದ್ದೂ ಅದೇ. ಮೀನಿನದಾದ್ದರಿಂದ ಅವನು ನಂಬಿದ.

ಪುಡಿ ಕಾರಂಜಿಯ ನೀರಿಗೆ ಇನ್ನೊಮ್ಮೆ ಸೇರಬಾರದು, ಪಂಪು ಪೂರ್ತಿ ಹಾಳಾಗಬಾರದು, ಈ ಜನ ಇಲ್ಲಿಂದ ಏಳಬೇಕು. ಇಷ್ಟಕ್ಕೂ ಒಂದೇ ಉಪಾಯ ಎಂದ ಪ್ಲಂಬರ್. ಅದೇ ದಿನ ನೀರಿನ ಪೈಪು ಶೆಡ್ಡಿಗೆ ವಾಪಸಾಯಿತು. ಎರಡಕ್ಕೂ ಸಾಲುವಷ್ಟು ನೀರಿರಲಿಲ್ಲ. ಮೀನು ಒಣಗಿತು. ಬಾಯಿ ಹಾಗೇ ತೆರೆದಿತ್ತು.

ದಮ್ಮಕ್ಕನ ಪಾದದ ಊತ ಮಾತ್ರೆಗೆ ಇಳಿಯಿತು. ಎದೆಯ ಕಲೆ ಇಳಿಯಲಿಲ್ಲ, ಇಳಿಯುವುದಿಲ್ಲ. ಕೂತು ಮಾಡುವ ಅಂಚಿನ ಕೆಲಸ ಅವಳಿಗೆ ಕೊಡಬೇಕೆಂದು ಶೆಡ್ಡು ಹಟ ಹಿಡಿದು ಕೊಡಿಸಿತು. ಶೆಡ್ಡಿನಲ್ಲಿ ಮತ್ತೆ ಕೆಸರಾಯಿತು. ಜನ ಜಾರಿ ಬೀಳತೊಡಗಿದರು. ಬಾಳೆಹಣ್ಣು ಕೊನೆಗೂ ಕೆಲಸ ಮಾಡ್ತಿದೆ ಎಂದ ಕಟಿಂಗ್ ಅಣ್ಣ. ಗಲ್ಲಿಯ ಬಾಗಿಲಿಗೆ ಯಾರೂ ಹೋಗಲಿಲ್ಲ. ಹೋಗಿ ಎಂದು ಹೇಳುವ ಧೈರ್ಯವೂ ಯಾರಿಗೂ ಬರಲಿಲ್ಲ.

ಒಂದು ಮಧ್ಯಾಹ್ನ ಅವಳು ಒಣಗಿದ ಕಾರಂಜಿಯ ಕಟ್ಟೆಯ ಮೇಲೆ ಕೂತಿದ್ದಳು. ಮೇಸ್ತ್ರಿ ಬಂದ. ಬೈಯಲು ಬಾಯಿ ತೆರೆದು, ಬಿಪಿ ನೆನಪಾಗಿ, ಪಕ್ಕದಲ್ಲಿ ಕೂತು ಮಾತ್ರೆ ನುಂಗಿದ. ಸ್ವಲ್ಪ ಹೊತ್ತು ಮೀನನ್ನು ದಿಟ್ಟಿಸಿದ.

"ಈ ಮುಖಾನ ಎಲ್ಲೋ ನೋಡಿದ ಹಾಗಿದೆ."

ದಮ್ಮಕ್ಕನಿಗೆ ನಗೆ ಬಂತು. ಮೈಕಿಲ್ಲದೆ, ಮಾಸ್ತರನಿಲ್ಲದೆ, ಹೊಟ್ಟೆಯಿಂದ ಬಂತು. ಬೆನ್ನಿಗೇ ಕೆಮ್ಮು ಬಂತು. ಕೆಮ್ಮಿ, ನಕ್ಕು, ಕಣ್ಣೊರೆಸಿಕೊಂಡು, ಬಾಯಿ ತೆರೆದು ಸುಮ್ಮನೆ ಕೂತಳು. ಬಹಳ ಹೊತ್ತು ಕೂತಳು. ಮೇಸ್ತ್ರಿ ಹಳೇ ಅಭ್ಯಾಸಕ್ಕೆ, ಏನು ಮಾಡ್ತಿದ್ದೀಯ ಎಂದು ಕೇಳಿದ.

"ಉಸಿರಾಡ್ತಿದ್ದೀನಿ" ಎಂದಳು.

ಕೆಲಸದ ಹೊತ್ತಿನಲ್ಲಿ. ಮುಂದಿನ ಬಾಗಿಲಲ್ಲಿ. ಸಂಬಳದ ಮೇಲೆ.